ಸ್ಟ್ಯಾಂಡಿಲ್ಲದ ಸೈಕಲ್ಲು

ಬಸ್ಸಿನಿಂದ ಇಳಿದವಳು ಚೀಲವನ್ನು ಎದೆಗವಚಿಕೊಂಡೇ ರಸ್ತೆ ದಾಟಿದಳು. ಚೀಲದಲ್ಲಿ ಒಂದು ಟ್ಯಾಬ್ ಇತ್ತು. ಟ್ಯಾಬಿನಲ್ಲಿ ಅವಳ ಎರಡು ವರ್ಷದ ದುಡಿಮೆ ಇತ್ತು: ಇಪ್ಪತ್ತು ನಿಮಿಷದಲ್ಲಿ ಆಡಿ ಮುಗಿಸುವಂಥ ಒಂದು ವಿಡಿಯೋ ಗೇಮ್. ಇಬ್ಬರು ಹುಡುಗಿಯರು, ಒಂದು ಸೈಕಲ್ಲು, ರಜೆಯ ಒಂದು ದಿನ. ಶಾಲೆಯ ಗೇಟಿನ ಬಳಿಯಿಂದ ಹೊರಟು ಕೆರೆ ಮುಟ್ಟುವುದು, ಅಷ್ಟೇ ಕಥೆ. ಅದರಲ್ಲಿ ಎಲ್ಲಿಯೂ ಒಂದು ಅಕ್ಷರವಿರಲಿಲ್ಲ, ಒಂದು ಮಾತಿರಲಿಲ್ಲ. ಶುರುವಾಗುವುದು ಸೈಕಲ್ ಬೆಲ್ಲಿನಿಂದ, ಮುಗಿಯುವುದೂ ಅದರಿಂದಲೇ.

ಚಿತ್ರಗಳನ್ನೆಲ್ಲ ಬರೆದವಳು ಅವಳು. ಅವು ಅಲುಗುವಂತೆ, ಬೆರಳಿಗೆ ಓಗೊಡುವಂತೆ ಮಾಡಿದವನು ಅವಳ ಅಣ್ಣ. ಶನಿವಾರ ಮಕ್ಕಳ ಲೈಬ್ರರಿಯಲ್ಲಿ ಅದನ್ನು ಮೊದಲ ಸಲ ಮಕ್ಕಳ ಕೈಗೆ ಕೊಡುವುದೆಂದು ನಿಶ್ಚಯವಾಗಿತ್ತು. ಇವತ್ತಾಗಲೇ ಗುರುವಾರ. ಆದರೆ ಆಟ ಒಂದು ಕಡೆ ಸಿಕ್ಕಿಹಾಕಿಕೊಂಡಿತ್ತು. ಅರ್ಧ ದಾರಿಯಲ್ಲಿ ಸೈಕಲ್ಲಿನ ಚೈನು ಕಳಚಿ ಬೀಳುವ ಜಾಗ ಅದು. ಸೈಕಲ್ ತುಳಿಯುವ ಹುಡುಗಿ ಇಳಿದು ಚೈನು ಏರಿಸಬೇಕು. ಸರಿಯಾದ ಕಡೆ ಒತ್ತಿ, ಸರಿಯಾದ ಓರೆಯಲ್ಲಿ ಎಳೆದರೆ ಮಾತ್ರ ಅದು ಕೂರುತ್ತಿತ್ತು. ಆಡಿ ನೋಡಿದ್ದ ಎಂಟು ಜನರೂ ಅಲ್ಲೇ ಬೆರಳಾಡಿಸಿ, ಬೇಸತ್ತು, ಟ್ಯಾಬನ್ನು ಮಗ್ಗುಲಿಗೆ ಇಟ್ಟಿದ್ದರು.

"ಒಂದು ಸಾಲು ಬರೆದುಬಿಡೋಣ ಕಣೇ," ಎಂದಿದ್ದ ಅಣ್ಣ, ಬೆಳಿಗ್ಗೆ ಅವಳು ಹೊರಡುವಾಗ. "'ಇಲ್ಲಿ ಒತ್ತಿ, ಹೀಗೆ ಎಳೀರಿ' ಅಂತ. ಪ್ರಪಂಚ ಏನೂ ಮುಳುಗಲ್ಲ."

"ಬರೆಯೋದಿಲ್ಲ ಅಂದ್ರೆ ಬರೆಯೋದಿಲ್ಲ."

"ದಿನವಿಡೀ ವಟವಟ ಅನ್ನೋಳಿಗೆ ಆಟದಲ್ಲಿ ಮಾತ್ರ ಒಂದು ಮಾತೂ ಬೇಡ! ನಾಳೆ ಮಧ್ಯಾಹ್ನದವರೆಗೆ ಟೈಮು. ಆಮೇಲೆ ನಾನೇ ಬರೀತೀನಿ, ನೋಡ್ತಿರು."

ಅಣ್ಣ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಚಿಕ್ಕಂದಿನಿಂದ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಪಟಪಟಿ ಎಂದು. ಆ ಬಾಯಿಗೆ ಬಿಡುವು ಸಿಗುತ್ತಿದ್ದುದು ಗೆಳತಿಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಾಗ ಮಾತ್ರ. ಇಳಿಜಾರಿನಲ್ಲಿ ಗಾಳಿ ಬಾಯೊಳಗೇ ನುಗ್ಗುತ್ತಿತ್ತು. ಆಡಿದರೂ ಮುಂದಿನವಳಿಗೆ ಕೇಳಿಸುತ್ತಿರಲಿಲ್ಲ. ಮಾತಿಲ್ಲದೆಯೂ ಇಷ್ಟು ಸುಖವಾಗಿರಬಹುದೆಂದು ಅವಳಿಗೆ ತಿಳಿದದ್ದು ಅಲ್ಲಿ. ಆ ಸುಖದ ಮೇಲೆ ಚೀಟಿ ಅಂಟಿಸಲು ಅವಳಿಗೆ ಮನಸ್ಸು ಬರಲಿಲ್ಲ. ಕೊನೆಯ ಆಸೆಯಾಗಿ, ಆಡಿ ನೋಡುವ ಒಂಬತ್ತನೆಯವಳನ್ನಾಗಿ ಆ ಗೆಳತಿಯನ್ನೇ ಹುಡುಕಿಕೊಂಡು ಬಂದಿದ್ದಳು.

ಸೈಕಲ್ ಅಂಗಡಿ ರಸ್ತೆಯ ತಿರುವಿನಲ್ಲಿ, ತಗಡಿನ ಮಾಡಿನ ಕೆಳಗೆ, ಮೊದಲಿದ್ದ ಹಾಗೇ ಇತ್ತು. ಮೊಳೆಗಳಿಗೆ ತೂಗುಹಾಕಿದ ಟ್ಯೂಬುಗಳು, ಪಂಕ್ಚರ್ ನೋಡುವ ನೀರಿನ ತೊಟ್ಟಿ, ಎಣ್ಣೆ ಕುಡಿದು ಕಪ್ಪಾದ ನೆಲ. ಗೆಳತಿಯ ತಂದೆ ಮೋಟು ಸ್ಟೂಲಿನ ಮೇಲೆ ಕೂತು ಗಾಲಿಯೊಂದರ ಡೊಂಕು ತೆಗೆಯುತ್ತಿದ್ದರು: ಒಮ್ಮೆ ತಿರುಗಿಸುವುದು, ಕಣ್ಣು ಕಿರಿದು ಮಾಡಿ ನೋಡುವುದು, ಒಂದು ಸ್ಪೋಕನ್ನು ಚೂರು ಬಿಗಿಮಾಡುವುದು, ಮತ್ತೆ ತಿರುಗಿಸುವುದು. ಈಗ ಅಂಗಡಿ ನಡೆಸುತ್ತಿದ್ದವಳು ಗೆಳತಿಯೇ. ಹುಟ್ಟಿದಾಗಿನಿಂದ ನಟ್ಟು ಬೋಲ್ಟುಗಳ ನಡುವೆ ಬೆಳೆದದ್ದಕ್ಕೆ ಅವಳಿಗೆ ಬೋಲ್ಟು ಎಂದೇ ಹೆಸರು ಬಿದ್ದಿತ್ತು.

"ಅಯ್ಯೋ, ಪಟಪಟಿ! ಫೋನಿಲ್ಲ, ಸುದ್ದಿಯಿಲ್ಲ, ಸೀದಾ ಬಂದು ನಿಂತುಬಿಟ್ಟೆಯಲ್ಲೇ!"

"ಇದನ್ನ ಆಡು. ಇಪ್ಪತ್ತು ನಿಮಿಷದ ಆಟ. ನೀನು ಆಡೋವಾಗ ನಾನು ಏನೂ ಹೇಳೋ ಹಾಗಿಲ್ಲ. ಕೇಳಿದ್ರೂ ಹೇಳಲ್ಲ."

ಹೊಸ ಆಟವನ್ನು ಪರೀಕ್ಷಿಸುವಾಗ ಪಾಲಿಸಲೇಬೇಕಾದ ನಿಯಮ ಅದು. ಮಾಡಿದವರು ಪಕ್ಕದಲ್ಲಿ ಕೂತು ನೋಡಬಹುದು, ತುಟಿ ಬಿಚ್ಚುವಂತಿಲ್ಲ.

"ನೀನು? ಹೇಳದೆ ಇರ್ತೀಯಾ?" ಬೋಲ್ಟು ತಂದೆಯ ಕಡೆ ತಿರುಗಿದಳು. "ಅಪ್ಪ, ಕೇಳಿಸ್ತಾ? ಇವಳು ಇಪ್ಪತ್ತು ನಿಮಿಷ ಮಾತಾಡಲ್ವಂತೆ."

"ಬಿಸಿಲಲ್ಲಿ ಬಂದಿದ್ದಾಳೆ ಪಾಪ. ನೀರು ಕೊಡು," ಎಂದರು ಅಪ್ಪ, ಗಾಲಿಯಿಂದ ಕಣ್ಣು ತೆಗೆಯದೆ. ಆದರೂ ಗೋಡೆ ಗಡಿಯಾರದ ಕಡೆ ಒಂದು ನೋಟ ಹಾಕಿಟ್ಟುಕೊಂಡರು.

ಬೋಲ್ಟು ಬಟ್ಟೆಯ ಚೂರಿನಲ್ಲಿ ಕೈ ಒರೆಸಿಕೊಂಡಳು. ಜಿಡ್ಡು ಪೂರ್ತಿ ಹೋಗಲಿಲ್ಲ. ಕಿರುಬೆರಳೊಂದೇ ಸ್ವಲ್ಪ ಚೊಕ್ಕಟವಾಗಿತ್ತು. ಅದರಿಂದಲೇ ಗಾಜನ್ನು ಮುಟ್ಟಿದಳು. ಬೆಲ್ಲು ಬಡಿಯಿತು. ಒಡೆದ ಬೆಲ್ಲಿನ ಒರಟು ಸದ್ದು. ಅವಳ ನಗು ಅಲ್ಲೇ ನಿಂತಿತು. ಶಾಲೆಯ ಗೇಟು ಬಂತು. ಗೇಟಿಗೆ ಒರಗಿಸಿದ ಸೈಕಲ್ಲು ಬಂತು. ಹರಿದ ಸೀಟಿಗೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿತ್ತು.

"ಲೇ! ಇದು ನಮ್ಮ ಸೈಕಲ್ಲು ಕಣೇ! ಅಪ್ಪ, ಬಂದು ನೋಡಿ, ಸ್ಟ್ಯಾಂಡ್ ಕೂಡ ಇಲ್ಲ!"

ಅಪ್ಪ ಕೆಮ್ಮಿದರು. ಊರವರ ಸೈಕಲ್ಲುಗಳನ್ನೆಲ್ಲ ರಿಪೇರಿ ಮಾಡಿದ ಅವರು ಸ್ವಂತ ಮಗಳ ಸೈಕಲ್ಲಿಗೆ ನಾಲ್ಕು ವರ್ಷ "ನಾಳೆ ಹಾಕ್ತೀನಿ" ಎನ್ನುತ್ತಲೇ ಸ್ಟ್ಯಾಂಡ್ ಹಾಕಿರಲಿಲ್ಲ.

"ಮುಂದೆ ಇರೋಳು ನಾನಾ? ಮೂಗು ಇಷ್ಟುದ್ದ ಇತ್ತೇನೇ ನಂದು?"

ಪಟಪಟಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಆಟ ಸಾಗಿತು. ಬೋಲ್ಟುವಿನ ಕಿರುಬೆರಳು ಹೊಲದ ಬದಿಯ ಕಾಲುದಾರಿ ಹಿಡಿಯಿತು, ನಾಯಿಯನ್ನು ತಪ್ಪಿಸಿತು, ಮೋರಿಯನ್ನು ಕುಲುಕಾಡುತ್ತ ದಾಟಿತು. ಅಷ್ಟರಲ್ಲಿ ಚೈನು ಕಳಚಿ ಬಿತ್ತು. ಹುಡುಗಿಯರಿಬ್ಬರೂ ಇಳಿದರು.

ಪಟಪಟಿ ಟ್ಯಾಬಿನ ಮೇಲೆ ಬಗ್ಗಿದಳು.

ಬೋಲ್ಟು ಚೈನನ್ನು ಎಳೆದು ಚಕ್ರದ ಹಲ್ಲಿಗೆ ಸಿಕ್ಕಿಸಿದಳು; ಪೆಡಲ್ ತಿರುಗಿಸುವಷ್ಟರಲ್ಲಿ ಅದು ಜಾರಿತು. ಮತ್ತೆ ಸಿಕ್ಕಿಸಿದಳು, ಮತ್ತೆ ಜಾರಿತು. ಎಂಟು ಜನರೂ ಹೀಗೇ ಮಾಡಿದ್ದರು. ಮೂರನೆಯ ಸಲ ಮಾತ್ರ ಅವಳು ಚೈನನ್ನು ಮುಟ್ಟಲಿಲ್ಲ. ಹಿಂದೆ ಕೈಕಟ್ಟಿ ನಿಂತಿದ್ದ ಎರಡನೆಯ ಹುಡುಗಿಯನ್ನು ಮುಟ್ಟಿದಳು. ಅವಳನ್ನು ಈವರೆಗೆ ಯಾರೂ ಮುಟ್ಟಿರಲಿಲ್ಲ. ಏನೂ ಆಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿಯೇ ಒತ್ತಿದಳು.

"ಎತ್ತೇ! ಎತ್ತು ಅಂದ್ರೆ! ಯಾಕೆ ಇವಳು ಕಂಬದ ಹಾಗೆ ನಿಂತಿದ್ದಾಳೆ?"

"ಏನನ್ನ ಎತ್ತೋದು?" ಪಟಪಟಿಯ ಬಾಯಿ ತಡೆಯಲಿಲ್ಲ.

"ಒಂಬತ್ತು ನಿಮಿಷ," ಎಂದರು ಅಪ್ಪ, ಗಡಿಯಾರ ನೋಡಿ. "ನಾನು ಮೂರು ಅಂದ್ಕೊಂಡಿದ್ದೆ. ವಾಸಿ."

"ಹಿಂದಿನ ಗಾಲಿ ಕಣೇ!" ಎಂದಳು ಬೋಲ್ಟು. "ಗಾಲಿ ನೆಲದ ಮೇಲಿದ್ರೆ ಪೆಡಲ್ ತಿರುಗಿಸಿದಾಗ ಸೈಕಲ್ಲೇ ಮುಂದೆ ಓಡುತ್ತೆ, ಚೈನು ಎಲ್ಲಿ ಕೂರುತ್ತೆ? ಸ್ಟ್ಯಾಂಡ್ ಅಂತೂ ಇಲ್ಲ. ಯಾರಾದ್ರೂ ಕ್ಯಾರಿಯರ್ ಹಿಡಿದು ಎತ್ತಬೇಕು. ಯಾರು ಎತ್ತುತ್ತಿದ್ರು ಹೇಳು?"

"ಯಾರು?"

"ನಿಮ್ಮಜ್ಜಿ! ನೀನೇ ಅಲ್ವೇನೇ?"

ಪಟಪಟಿ ತಲೆಯಾಡಿಸಿದಳು. ಅವಳ ನೆನಪಿನಲ್ಲಿ ಇದ್ದದ್ದು ಕೆಲಸ ಮುಗಿದ ಮೇಲಿನ ಬೋಲ್ಟು ಒಬ್ಬಳೇ: ಕಪ್ಪಾದ ಬೆರಳುಗಳನ್ನು ಹುಲ್ಲಿಗೆ ಒರೆಸಿಕೊಳ್ಳುತ್ತ, ಗೆದ್ದವಳ ಹಾಗೆ ನಗುತ್ತಿದ್ದ ಬೋಲ್ಟು. ತಾನು ಬರೀ ಹಿಂದೆ ಕೂತು ಹೋದವಳು. ಇಷ್ಟು ವರ್ಷ ಹಾಗೇ ತಿಳಿದಿದ್ದಳು, ಆಟದಲ್ಲಿಯೂ ಹಾಗೇ ಬರೆದಿದ್ದಳು.

"ನೀನು ಹಾಕ್ತಿದ್ದೆ. ನಾನು ಸುಮ್ನೆ ನಿಂತಿರ್ತಿದ್ದೆ," ಎಂದಳು.

ಬೋಲ್ಟು ಎದ್ದಳು. ರಿಪೇರಿಗೆ ಬಂದಿದ್ದ ದೊಡ್ಡ ಸೈಕಲ್ಲೊಂದನ್ನು ನಡುವೆ ತಂದು ನಿಲ್ಲಿಸಿ, ಸ್ಕ್ರೂಡ್ರೈವರ್ ತುದಿಯಿಂದ ಚೈನು ಕಳಚಿದಳು. "ಹಿಡಿ," ಎಂದು ತಾನು ಪೆಡಲ್ ಬಳಿ ಕುಕ್ಕರುಗಾಲಿನಲ್ಲಿ ಕೂತಳು.

ಪಟಪಟಿ ಬಗ್ಗಿದಳು. ಒಂದು ಕೈ ತಾನಾಗಿ ಕ್ಯಾರಿಯರ್ ಅಡಿಗೆ ಹೋಯಿತು, ಇನ್ನೊಂದು ಸೀಟಿನ ಹಿಂಭಾಗಕ್ಕೆ. ಸೊಂಟ ಸೈಕಲ್ಲಿಗೆ ಆತುಕೊಂಡಿತು. ಗಾಲಿ ನೆಲಬಿಟ್ಟಿತು. ಬೋಲ್ಟು ಪೆಡಲ್ ತಿರುಗಿಸಿದೊಡನೆ ಪಟಪಟಿಯ ಮುಖ, ಯಾರೂ ಹೇಳದೆ, ರಸ್ತೆಯ ಕಡೆಗೆ ಹೊರಳಿತು. ಕಟ್ ಎಂದು ಚೈನು ಕೂತಿತು. ಅವಳು ಅದನ್ನು ನೋಡಲಿಲ್ಲ, ಕೇಳಿಸಿಕೊಂಡಳು.

"ನೋಡಿದ್ಯಾ? ಆಗಲೂ ಹೀಗೇ ಮುಖ ತಿರುಗಿಸ್ತಿದ್ದೆ, ಗಾಲಿಯಿಂದ ಕೆಸರು ಹಾರುತ್ತೆ ಅಂತ," ಎಂದಳು ಬೋಲ್ಟು. "ಅದಕ್ಕೇ ನಿಂಗೆ ಏನೂ ಗೊತ್ತಿಲ್ಲ. ನೀನು ಎತ್ತದೆ ಹೋಗಿದ್ರೆ ನಾವು ಇನ್ನೂ ಆ ಮೋರಿ ಹತ್ರಾನೇ ಕೂತಿರ್ತಿದ್ವಿ."

ಪಟಪಟಿ ಸೈಕಲ್ಲನ್ನು ಕೆಳಗಿಳಿಸಲಿಲ್ಲ. "ಇನ್ನೊಂದ್ಸಲ," ಎಂದಳು.

ಐದು ಸಲ ಆಯಿತು. ಆಮೇಲೆ ಅವಳು ಟೈರುಗಳ ರಾಶಿಯ ಮೇಲೆ ಕೂತು ಚಿತ್ರ ಬರೆಯತೊಡಗಿದಳು. ಕೈಕಟ್ಟಿ ನಿಂತಿದ್ದ ಹುಡುಗಿ ಕೈ ಬಿಚ್ಚಿದಳು. ಚೈನು ಜಾರಿದಾಗ ಸೈಕಲ್ಲು ಒಂದು ಗೇಣು ಮುಂದೆ ಹೋಗುತ್ತದೆ. ಆಗ ಅವಳು ಕ್ಯಾರಿಯರ್ ಮೇಲೆ ಕೈಯಿಟ್ಟು ಆಡುವವರನ್ನು ನೋಡುತ್ತಾಳೆ. ಅಷ್ಟೇ. ಅಣ್ಣನಿಗೆ ಚಿತ್ರಗಳು ಹೋದವು, ಅವುಗಳ ಹಿಂದೆಯೇ ಫೋನು ಹೋಯಿತು.

"ಅಣ್ಣಾ, ಬರೆಯೋದೇನೂ ಬೇಡ. ಹಿಂದಿನವಳಿಗೆ ಕೆಲಸ ಕೊಡು."

"ಅವಳಿಗೇನು ಕೆಲಸ? ಅವಳು ನೀನಲ್ವಾ?"

"ಅದಕ್ಕೇ ಹೇಳ್ತಿರೋದು! ಅವಳನ್ನ ಬೆರಳಲ್ಲಿ ಒತ್ತಿಹಿಡಿದಾಗ ಗಾಲಿ ಮೇಲೇಳಬೇಕು. ಗಾಲಿ ಮೇಲಿದ್ರೆ ಮಾತ್ರ ಚೈನು ಕೂರಬೇಕು."

ಆ ಕಡೆ ಕೀಬೋರ್ಡಿನ ಸದ್ದು ಕೇಳಿಸಿತು. "ಎಂಟು ಜನರಿಗೆ ತೋರಿಸೋ ಮೊದಲು ಒಬ್ಬ ಸೈಕಲ್ ರಿಪೇರಿಯವರನ್ನ ಕೇಳಬಾರದಿತ್ತೇನೇ?" ಎಂದ ಅಣ್ಣ. "ಬೆಳಿಗ್ಗೆ ಕಳಿಸ್ತೀನಿ."

ಪಟಪಟಿ ರಾತ್ರಿ ಗೆಳತಿಯ ಮನೆಯಲ್ಲೇ ಉಳಿದಳು. ಮರುದಿನ ಹನ್ನೊಂದು ಗಂಟೆಗೆ ತಿದ್ದಿದ ಆಟ ಟ್ಯಾಬಿಗೆ ಬಂತು. ಅದೇ ಹೊತ್ತಿಗೆ ಪಂಕ್ಚರಾದ ಸೈಕಲ್ಲನ್ನು ತಳ್ಳಿಕೊಂಡು, ಊರಿಗೆ ಕಾಗದ ಹಂಚುವ ಅಂಚೆಯಮ್ಮ ಬಂದರು. ಟ್ಯೂಬಿಗೆ ಹಚ್ಚಿದ ತೇಪೆ ಒಣಗುವವರೆಗೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಟ್ಯಾಬನ್ನು ಅವರ ಕೈಗೆ ಕೊಟ್ಟು ಪಟಪಟಿ, ಬೋಲ್ಟು ಇಬ್ಬರೂ ಬೆಂಚಿನ ಮೇಲೆ ಒತ್ತಾಗಿ ಕೂತರು. ಈ ಸಲ ಮಾತಾಡಬಾರದೆಂಬ ನಿಯಮ ಇಬ್ಬರಿಗೂ ಇತ್ತು.

ಚೈನು ಬಿತ್ತು. ಅಂಚೆಯಮ್ಮ ಎಳೆದರು, ಜಾರಿತು. ಎಳೆದರು, ಜಾರಿತು. ಬೋಲ್ಟು ಪಟಪಟಿಯ ತೊಡೆ ಚಿವುಟಿದಳು, ಪಟಪಟಿ ಕೂಗಲಿಲ್ಲ.

ಆಟದೊಳಗಿನ ಹುಡುಗಿ ಕ್ಯಾರಿಯರ್ ಮೇಲೆ ಕೈಯಿಟ್ಟು ನೋಡಿದಳು.

"ಏನಮ್ಮಾ?" ಎಂದು ಅಂಚೆಯಮ್ಮ ಆ ಹುಡುಗಿಯನ್ನೇ ಕೇಳಿದರು. ಅವಳ ಮೇಲೆ ಬೆರಳಿಟ್ಟರು. ಗಾಲಿ ಎದ್ದಿತು. "ಓಹೋ!" ಬೆರಳು ತೆಗೆದರು; ಗಾಲಿ ಇಳಿಯಿತು. ಒಂದು ಕೈಯಲ್ಲಿ ಟ್ಯಾಬು ಹಿಡಿದಿದ್ದ ಅವರಿಗೆ ಉಳಿದದ್ದು ಒಂದೇ ಕೈ. ಸುತ್ತ ನೋಡಿದರು. "ಯಜಮಾನ್ರೇ, ಬನ್ನಿ ಇಲ್ಲಿ. ಈ ಹುಡುಗೀನ ಹೀಗೆ ಒತ್ತಿಹಿಡ್ಕೊಳ್ಳಿ. ಬಿಡಬಾರದು."

ಅಪ್ಪ ಗಾಲಿ ಕೆಳಗಿಟ್ಟು ಬಂದು ತಮ್ಮ ದಪ್ಪ ಹೆಬ್ಬೆರಳನ್ನು ಗಾಜಿನ ಮೇಲೊತ್ತಿದರು. ಅಂಚೆಯಮ್ಮ ಚೈನು ಸಿಕ್ಕಿಸಿ ಪೆಡಲ್ ತಿರುಗಿಸಿದರು. ಕಟ್.

ಪಟಪಟಿಯೂ ಬೋಲ್ಟುವೂ ಒಟ್ಟಿಗೇ ಕಿರುಚಿದ ಸದ್ದಿಗೆ ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು.

"ಬರೀ ಒಂದು ಸ್ಟ್ಯಾಂಡ್ ಇದ್ದಿದ್ರೆ ಇಷ್ಟು ಪಾಡು ಬೇಕಿರ್ಲಿಲ್ಲ," ಎಂದರು ಅಂಚೆಯಮ್ಮ. "ಯಾವ ಪುಣ್ಯಾತ್ಮರ ಅಂಗಡಿ ಸೈಕಲ್ಲೋ ಇದು!"

ಗೆಳತಿಯರಿಬ್ಬರೂ ಅಪ್ಪನನ್ನು ನೋಡಿದರು.

"ನಾಳೆ ಹಾಕ್ತೀನಿ," ಎಂದರು ಅಪ್ಪ. ಆಟದ ಹುಡುಗಿಯರು ಆಗಲೇ ಸೈಕಲ್ ಹತ್ತಿ ಕೆರೆಯ ಇಳಿಜಾರಿನಲ್ಲಿ ಜಾರಿ ಹೋಗುತ್ತಿದ್ದರು. ಅಪ್ಪ ಮಾತ್ರ ಬಿಡಬಾರದೆಂದಿದ್ದ ಹೆಬ್ಬೆರಳನ್ನು ಇನ್ನೂ ಗಾಜಿನ ಮೇಲೆ ಒತ್ತಿಹಿಡಿದೇ ಇದ್ದರು. ತೆಗೆಯಿರಿ ಎಂದು ಯಾರೂ ಹೇಳಲಿಲ್ಲ.