ಎರಡನೆಯ ಗುಂಡಿ

"ಇದನ್ನ ಕಟ್ಟಿದ್ದು ಯಾರು?"

ನನ್ನ ಗಂಡ ಕೇಳಿದ್ದು ಇಸ್ತ್ರಿ ಯಂತ್ರವನ್ನು. ಊಟದ ಬಿಡುವಿನಲ್ಲಿ ಲಾಂಡ್ರಿಯ ಆ ಮೂಲೆ ಬರಿದಾಗಿರುತ್ತದೆ. ಮಡಿಸಿಟ್ಟ ಹಾಸುಗಳ ರಾಶಿಯ ಹಿಂದೆ ನಾನಿದ್ದೆ, ಅವರಿಗೆ ಕಾಣಲಿಲ್ಲ.

ಆ ಯಂತ್ರಕ್ಕೆ ಎರಡು ಗುಂಡಿ, ನಡುವೆ ಒಂದು ಮಾರು ದೂರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಕಾದ ಹಲಗೆ ಇಳಿಯುತ್ತದೆ. ಎರಡೂ ಕೈ ಗುಂಡಿಗಳ ಮೇಲಿದ್ದರೆ ಹಲಗೆಯ ಕೆಳಗೆ ಸಿಕ್ಕುವುದಕ್ಕೆ ಕೈಯೇ ಉಳಿಯುವುದಿಲ್ಲ, ಅಷ್ಟೇ ಅದರ ಗುಟ್ಟು. ಒಂದು ಗುಂಡಿಯನ್ನು ಒತ್ತಿ ಬಟ್ಟೆಪಟ್ಟಿಯಿಂದ ಕಟ್ಟಿಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಸುಕ್ಕು ಸರಿಮಾಡಲು ಬರುತ್ತದೆ, ಗಂಟೆಗೆ ಹತ್ತಿಪ್ಪತ್ತು ಹಾಸು ಹೆಚ್ಚು ಬೀಳುತ್ತವೆ.

ಗಂಡ ಅಲ್ಲಿ ಮೆಕ್ಯಾನಿಕ್. ಪಟ್ಟಿ ಕತ್ತರಿಸಿ ಬಿಸಾಡಿ ಹೋದರು. ಮಾರನೆಯ ದಿನ ನನ್ನ ಅಣ್ಣ ಬಂದು, ಈ ಸಲ ಸುಲಭಕ್ಕೆ ಕಾಣದ ಹಾಗೆ, ಇನ್ನೊಂದು ಪಟ್ಟಿ ಕಟ್ಟಿದ. ಅವನು ಮೇಲ್ವಿಚಾರಕ, ನಮ್ಮ ಕ್ರೈಸ್ತ ಸಭೆಯ ಹಿರಿಯನೂ ಹೌದು. ಗಂಟು ಬಿಗಿದು ತಲೆ ಎತ್ತಿದಾಗ ನಾನು ನೋಡುತ್ತಿದ್ದೆ. ತುಟಿಯ ಮೇಲೆ ಬೆರಳಿಟ್ಟು ನಕ್ಕ.

ಆ ಬೆರಳು ನನಗೆ ಹಳೆಯ ಪರಿಚಯ. ಅಪ್ಪ ಊಟಕ್ಕೆ ಮುಂಚೆ ನಮ್ಮಿಂದ ಬೈಬಲ್ ವಚನ ಒಪ್ಪಿಸಿಕೊಳ್ಳುತ್ತಿದ್ದರು. ತಡವರಿಸಿದವರ ತಟ್ಟೆಗೆ ಏನೂ ಬೀಳುತ್ತಿರಲಿಲ್ಲ. ನಾನು ತಡವರಿಸಿದಾಗೆಲ್ಲ ಅಣ್ಣ ಅಪ್ಪನ ಬೆನ್ನ ಹಿಂದೆ ನಿಂತು ಮುಂದಿನ ಪದವನ್ನು ಸದ್ದಿಲ್ಲದೆ ತುಟಿಯಲ್ಲೇ ಆಡಿ ತೋರಿಸುತ್ತಿದ್ದ. ಆಮೇಲೆ ತುಟಿಯ ಮೇಲೆ ಬೆರಳು. ನಾನು ಉಂಡ ಎಷ್ಟೋ ಊಟ ಅವನ ಪುಣ್ಯ. ಲಾಂಡ್ರಿಯಲ್ಲೂ ಬಾಯಿ ಮುಚ್ಚಿಕೊಂಡೆ.

ಆ ಯಂತ್ರದ ಮುಂದೆ ನಿಲ್ಲುವವಳಿಗೆ ವಟವಟಕ್ಕ ಎಂದೇ ಹೆಸರು. ನನ್ನ ಗಂಡ ಸಭೆಗೆ ಕಾಲಿಡದವರೆಂದು ಅವರನ್ನು ನಾಸ್ತಿಕಪ್ಪ ಎನ್ನುತ್ತಿದ್ದಳು.

"ನಾಸ್ತಿಕಪ್ಪಾ, ನಿಮ್ಮ ಭಾವ ಹೇಳೋ ನರಕ ನನ್ನ ಈ ಮೂಲೆಗಿಂತ ಬಿಸಿ ಇರುತ್ತಾ? ಇದ್ರೆ ಹೇಳಿ, ಈಗಿಂದ್ಲೇ ಒಳ್ಳೆಯವಳಾಗ್ತೀನಿ."

"ಮೊದಲು ಹೋಗೋನು ನಾನೇ ಅಲ್ವಾ ಅಕ್ಕ. ನೋಡಿ ಹೇಳಿಕಳಿಸ್ತೀನಿ."

ಮೂರನೆಯ ವಾರ ಹಲಗೆ ಅವಳ ಎಡಗೈ ಮೇಲೆ ಇಳಿಯಿತು. ಎತ್ತುವಷ್ಟರಲ್ಲಿ ಐದಾರು ಕ್ಷಣ. ವಟವಟಕ್ಕ ಒಂದು ಮಾತೂ ಆಡಲಿಲ್ಲ, ಬಾಯಿ ಮಾತ್ರ ತೆರೆದಿತ್ತು. ನಾಲ್ಕು ಬೆರಳು ಹೋದವು.

ಸೋಮವಾರಕ್ಕೆ ಲಾಂಡ್ರಿಯವರು ವಿಚಾರಣೆ ಇಟ್ಟರು. ಪಟ್ಟಿಯನ್ನು ಅವಳೇ ಕಟ್ಟಿಕೊಂಡಳು ಎಂದಾದರೆ ಅವಳ ಕೆಲಸ ಹೋಗುತ್ತದೆ, ಕೈಗೆ ಚಿಕಿತ್ಸೆಯೂ ನಿಲ್ಲುತ್ತದೆ. ತಾನು ಕಟ್ಟಿಲ್ಲ ಎನ್ನಲು ಅವಳಿಗಿದ್ದ ಸಾಕ್ಷಿ ಅವಳೊಬ್ಬಳೇ.

ಭಾನುವಾರ ಅಣ್ಣ ನ್ಯಾಯತೀರ್ಪಿನ ದಿನದ ಬಗ್ಗೆ ಬೋಧಿಸಿದ. ನಂಬದವನ ಒಳ್ಳೆಯತನ ತೂತು ಬಿಂದಿಗೆಯ ನೀರು, ಸಿಂಹಾಸನದ ಮುಂದೆ ಬರುವಷ್ಟರಲ್ಲಿ ಖಾಲಿ, ಎಂದ. ಚೆನ್ನಾಗಿಯೇ ಹೇಳಿದ. ಎಲ್ಲರೂ ತಲೆದೂಗಿದರು, ನಾನೂ ತೂಗಿದೆ. ಮಧ್ಯಾಹ್ನ ಅದೇ ಕೋಟಿನಲ್ಲಿ ನಮ್ಮ ಮನೆಗೆ ಬಂದು ಅಡುಗೆಮನೆಯ ಮೇಜಿಗೆ ಕೂತ. ಟೀ ಇಟ್ಟೆ. ಸಕ್ಕರೆ ಇನ್ನೊಂದು ಚಮಚ ಕೇಳಿದ.

"ಪಟ್ಟಿ ನಾನೇ ಕಟ್ಟಿದ್ದು," ಅಂದ ನನ್ನ ಗಂಡನಿಗೆ. "ನಿನ್ನ ಹತ್ರ ಮುಚ್ಚುಮರೆ ಯಾಕೆ. ಕರ್ತನ ಮುಂದೆ ಎಲ್ಲಾ ಹೇಳ್ಕೊಂಡೆ. ಅತ್ತುಬಿಟ್ಟೆ ಕಣಯ್ಯಾ. ಈಗ ಮನಸ್ಸು ಹತ್ತಿ ಹಾಗೆ ಹಗುರ ಆಗಿದೆ."

"ವಟವಟಕ್ಕನ ಹತ್ರ ಹೇಳ್ಕೊಂಡ್ರಾ ಭಾವ?"

"ಅವಳ ಹತ್ರ ಯಾಕೆ? ಕ್ಷಮಿಸೋನು ಅವನು."

ಗಂಡ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದರು.

"ನಿನ್ನಿಂದ ಒಂದು ಉಪಕಾರ ಆಗಬೇಕು. ಅವಳೇ ಕಟ್ಟಿದ್ದನ್ನ ನೋಡಿ ನೀನು ಬೈದಿದ್ದೆ ಅಂತ ನಾಳೆ ಹೇಳು. ನಾನು ಹಿರಿಯ, ನನ್ನಿಂದ ಸಭೆಯ ಹೆಸರಿಗೆ ಮಸಿ ಹತ್ತಬಾರದು. ನಿನಗಾದ್ರೆ ತೀರ್ಪಿನ ದಿನ ಅಂದ್ರೆ ನಗು. ಒಂದು ಸುಳ್ಳು ಹೆಚ್ಚಾದ್ರೆ ನಿನಗೇನು ನಷ್ಟ?"

"ನಷ್ಟ ನನಗೇ ಭಾವ," ಅಂದರು. "ನೀವು ಸುಳ್ಳು ಹೇಳಿ ಮಂಡಿ ಊರಿದ್ರೆ ಅಳಿಸೋಕೆ ಒಬ್ಬ ಇದಾನೆ. ನನಗೆ ಯಾರಿದಾರೆ? ನಾನು ಆಡಿದ್ದು ಆಡಿದ ಹಾಗೇ ಉಳಿಯುತ್ತೆ. ಈಗ ನೀವು ಹೇಳಿದ್ದನ್ನೇ ನಾಳೆ ಅಲ್ಲಿ ಹೇಳ್ತೀನಿ."

ಅಣ್ಣನಿಗೆ ಸಿಟ್ಟು ಬರಲಿಲ್ಲ. ಅನುಕಂಪದಿಂದ ನೋಡಿದ. "ಹೇಳು. ನಾನು ಇಲ್ಲ ಅಂತೀನಿ. ಹಿರಿಯನ ಮಾತಿನ ಮುಂದೆ ನಾಸ್ತಿಕನ ಆಣೆ ಯಾರಿಗೆ ಬೇಕು? ಅಲ್ಲದೆ ನೀನು ಕಣ್ಣಾರೆ ನೋಡಿಲ್ಲವಲ್ಲ."

ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ.

"ನೋಡಿದೋಳು ಇವಳು."

ಗಂಡನ ಕೈಯಲ್ಲಿ ಲೋಟ ನಿಂತಿತು. ನಾನು ಅವರಿಗೆ ಹೇಳಿರಲಿಲ್ಲ. ನನ್ನನ್ನು ನೋಡಿದರು, ಆಮೇಲೆ ಕಿಟಕಿಯನ್ನು ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ತೀರ್ಪಿನ ದಿನ ಬರುತ್ತದೆಂದು ನಾನು ನಂಬುತ್ತೇನೆ. ಸಣ್ಣವಳಿದ್ದಾಗಿಂದ ಬಾಯಿಪಾಠ ಮಾಡಿದ್ದೇನೆ. ಅಲ್ಲಿ ಬೆಂಕಿ ತೋರಿಸಿ ನನ್ನನ್ನು ಹೆದರಿಸಬೇಕಾಗಿಲ್ಲ. ದಿಂಬಿನ ಗವಸಿನಿಂದ ಹರಿದ ಒಂದು ಪಟ್ಟಿಯನ್ನು ಎತ್ತಿ ಹಿಡಿದರೆ ಸಾಕು. ಮೂರು ವಾರ, ಅದಕ್ಕೆ ಹತ್ತು ಹೆಜ್ಜೆ ದೂರದಲ್ಲಿ, ಅಂಚಿಗೆ ಅಂಚು ಕೂಡಿಸಿ ನಾನು ಬಟ್ಟೆ ಮಡಿಸುತ್ತಿದ್ದೆ. ಕಟ್ಟಿದವನು ಅತ್ತು ಹಗುರಾದ. ನನಗೆ ಅಳುವೂ ಬಂದಿರಲಿಲ್ಲ.

"ನೀನು ನಂಬಿದೋಳು," ಅಂದ ಅಣ್ಣ, ಮೆಲ್ಲಗೆ. "ನಾಳೆ ಒಂದು ಸಲ ಹೇಳಿ ಮುಗಿಸು, ಆಮೇಲೆ ಇಬ್ರೂ ಕೂತು ಪ್ರಾರ್ಥನೆ ಮಾಡೋಣ. ಅವನು ಕರುಣೆ ಉಳ್ಳೋನು. ಚಿಕ್ಕೋಳಿದ್ದಾಗ ನಿನ್ನ ತಟ್ಟೆ ಖಾಲಿ ಇರೋಕೆ ಬಿಟ್ಟಿದ್ನಾ ನಾನು?"

"ಇಲ್ಲ."

"ಮತ್ತೆ? ನಾಳೆ ನಿನ್ನ ಎದುರಿಗೇ ಕೂತಿರ್ತೀನಿ. ತಡವರಿಸಿದ್ರೆ ನನ್ನ ಮುಖ ನೋಡು, ನಾನು ಹೇಳ್ಕೊಡ್ತೀನಿ. ಈಗ ಒಂದು ಸಲ ಒಪ್ಪಿಸಿಬಿಡು."

ಗಂಡನಿಗೆ ಬೆನ್ನು ಮಾಡಿ, ಸದ್ದಿಲ್ಲದೆ, ತುಟಿಯಲ್ಲೇ ಪದಗಳನ್ನು ಆಡಿ ತೋರಿಸಿದ. ಅವಳೇ. ಕಟ್ಟಿಕೊಂಡಳು. ನಾನು. ನೋಡಿದೆ. ಇಷ್ಟು ವರ್ಷವಾದರೂ ಅವನ ತುಟಿ ಓದುವುದು ನನಗೆ ಮರೆತಿರಲಿಲ್ಲ.

"ಹೇಳು," ಅಂದ.

"ಹೇಳಲ್ಲ ಅಣ್ಣ," ಅಂದೆ.