ಸಾವಕ್ಕನ ಪಾಲಿನ ಗುಳಿಗೆ

ಸಾವಕ್ಕನ ಪ್ರಕಾರ ಔಷಧಿ ಇರುವುದು ರೋಗಿಗೆ. ಗಟ್ಟಿಮುಟ್ಟಾದವರು ಗುಳಿಗೆ ನುಂಗಿದರೆ ಅದು ದಂಡ. ಮಗ ಹನಮೇಶನಿಗೆ ಟಿಬಿ ಎಂದು ಗೊತ್ತಾದಾಗ ದವಾಖಾನೆಯವರು ಬೆಂಗೇರಿಯ ಅವರ ಮನೆಯವರನ್ನೆಲ್ಲ ಪರೀಕ್ಷಿಸಿ, ರೋಗ ಹತ್ತದಿರಲೆಂದು ಅವಳಿಗೂ ಸೊಸೆ ದುರ್ಗಾಗೂ ಬೇರೆ ಗುಳಿಗೆ ಕೊಟ್ಟಿದ್ದರು.

ದುರ್ಗಾ ತನ್ನದನ್ನು ತಪ್ಪದೆ ನುಂಗಿದಳು. ಸಾವಕ್ಕ ತನ್ನದನ್ನು ಪುಡಿಮಾಡಿ, ಬೆಲ್ಲ ಬೆರೆಸಿ, ಮಗನ ಹಾಲಿಗೆ ಹಾಕುತ್ತ ಬಂದಳು. ಅವನ ಗುಳಿಗೆ ಅವನಿಗೆ ಹೇಗೂ ಇತ್ತು. ಇವಳ ಪಾಲೂ ಸೇರಿದರೆ ಬೇಗ ಏಳುತ್ತಾನೆಂಬ ಆಸೆ. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಬುದ್ಧಿ ಹೇಳುವ ಮುದುಕಿ ಇವಳೇ. ಹೆತ್ತ ಕರುಳಿಗೆ ಹೇಳುವವರು ಯಾರು?

ಮೊದಲು ಹನಮೇಶನ ಕೆಮ್ಮು ಇಳಿಯಿತು. ಸಾವಕ್ಕ ಒಳಗೊಳಗೇ ಬೀಗಿದಳು; ತನಗೆ ಹತ್ತಿದ ಸಣ್ಣ ಕೆಮ್ಮನ್ನು ರಸ್ತೆಯ ಧೂಳಿನ ತಲೆಗೆ ಕಟ್ಟಿದಳು. ಆಮೇಲೆ ಹನಮೇಶನಿಗೆ ಅನ್ನ ಕಂಡರೆ ವಾಕರಿಕೆ ಶುರುವಾಯಿತು. ಕಣ್ಣು ಅರಿಶಿನದಂತೆ ಹಳದಿಯಾದವು.

ದುರ್ಗಾ ಸಿಡಿದೆದ್ದಳು. "ಬಿಟ್ಟ ದಾರು ಮತ್ತ ಕದ್ದು ಕುಡ್ಯಾಕತ್ತೀರಿ ನೀವು!"

"ನಿನ್ನಾಣಿ, ಮುಟ್ಟಿಲ್ಲ. ಯವ್ವಾ, ನೀ ಆದ್ರೂ ಹೇಳ."

ಸಾವಕ್ಕ ಹಾಲಿನ ಲೋಟ ತೊಳೆಯಲು ಒಳಗೆ ಹೋದಳು.

ದವಾಖಾನೆಯಲ್ಲಿ ಡಾಕ್ಟರ್ ಕರುಣಾ ರಕ್ತದ ವರದಿ ನೋಡಿ ಮುಖ ಗಂಟಿಕ್ಕಿದರು. "ಲಿವರ್ ಕೆಟ್ಟೈತಿ. ಸದ್ಯಕ್ಕ ಟಿಬಿ ಗುಳಿಗಿ ನಿಲ್ಲಸಬೇಕು. ನಿಂತಷ್ಟೂ ರೋಗ ಮತ್ತ ತಲಿ ಎತ್ತತೈತಿ. ಬ್ಯಾರೆ ಏನರ ತಗೊಂಡೀರೇನು? ಖರೇ ಹೇಳ್ರಿ."

"ಏನೂ ಇಲ್ರಿ," ಎಂದ ಹನಮೇಶ. ದುರ್ಗಾ ಮುಖ ತಿರುಗಿಸಿದಳು. ಡಾಕ್ಟರೂ ನಂಬಿದಂತೆ ಕಾಣಲಿಲ್ಲ.

ಮಗ ಸುಳ್ಳುಗಾರನಂತೆ ತಲೆ ತಗ್ಗಿಸಿದ್ದನ್ನು ಸಾವಕ್ಕನಿಂದ ನೋಡಲಾಗಲಿಲ್ಲ. "ನಾ ಕೊಟ್ಟೇನ್ರಿ. ನನ್ನ ಗುಳಿಗಿ. ದಿನಾ ಹಾಲಿನ್ಯಾಗ ಹಾಕಿ."

ದುರ್ಗಾ ಬಾಯಿಗೆ ಕೈ ಹಚ್ಚಿಕೊಂಡಳು. ಹನಮೇಶ ತಾಯಿಯತ್ತ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಸಾವಕ್ಕನನ್ನು ಕೊಂದಿತು.

"ಹಾಲು ಕಹಿ ಹತ್ತತಿತ್ತು ಯವ್ವಾ. ನೀ ಕೊಟ್ಟದ್ದಂತ ಕುಡಿದೆ."

ಸಾವಕ್ಕನಿಗೆ ಅಳು ಒತ್ತರಿಸಿ ಬಂತು. ಅಳುವಿನ ಜೊತೆ ಕೆಮ್ಮೂ ಬಂತು, ನಿಲ್ಲಲೇ ಇಲ್ಲ.

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಅವ್ವಾರ, ಹಂಗಾರ ನಿಮ್ಮ ಗುಳಿಗಿ ನೀವು ಒಂದೂ ನುಂಗಿಲ್ಲ. ಈ ಕೆಮ್ಮು ಯಾವಾಗಿಂದ?"

ಉತ್ತರಕ್ಕೆ ಕಾಯದೆ, ಕಫ ತರಲು ಒಂದು ಪ್ಲಾಸ್ಟಿಕ್ ಡಬ್ಬಿ ಅವಳ ಮುಂದಿಟ್ಟರು. ಮೊದಲ ದಿನ ಹನಮೇಶನಿಗೆ ಕೊಟ್ಟಿದ್ದೂ ಇಂಥದೇ.

ಹನಮೇಶ ತಾಯಿಯ ಕೈ ಹಿಡಿಯಲು ಬಂದ. ಸಾವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೆಂಚಿನ ಆ ತುದಿಗೆ ಸರಿದಳು.

"ದೂರ ಇರೋ ನನ್ನಪ್ಪಾ," ಎಂದಳು.