ಲಾಲಸಾಬನ ಕುದುರೆ ನಿಂತದ್ದೇಕೆ

ನಾನು ಒಂದು ಹೆಣ್ಣು ಕುದುರೆ. ಹುಟ್ಟಿದ್ದು ತುಮಕೂರು ಕಡೆಯ ಒಂದು ಕುದುರೆ ಫಾರ್ಮಿನಲ್ಲಿ, ಓಡುವುದಕ್ಕೆಂದೇ. ನೆಲಕ್ಕೆ ಬಿದ್ದ ಸ್ವಲ್ಪ ಹೊತ್ತಿಗೆ ಎದ್ದು ನಿಂತವಳು, ಸಂಜೆಯೊಳಗೆ ತಾಯಿಯ ಸುತ್ತ ಓಡಿದೆನಂತೆ. ನಮ್ಮ ಮನೆತನದವರಿಗೆ ನಡೆಯುವುದೆಂದರೆ ಅವಮಾನ.

ಬೆಂಗಳೂರಿನ ರೇಸಿನಲ್ಲಿ ನನ್ನನ್ನು ಸಣ್ಣ ಓಟಗಳಿಗೆ ಬಿಡುತ್ತಿದ್ದರು. ಅಲ್ಲಿನ ವೈದ್ಯರು ನನ್ನ ತೊಡೆ ತಟ್ಟಿ ಜೊತೆಗಿದ್ದವರಿಗೆ ಹೇಳುತ್ತಿದ್ದರು: "ಸ್ನಾಯುವಿನಲ್ಲಿ ಎರಡು ಥರದ ಎಳೆ ಇರ್ತವೆ. ಕೆಂಪು ಎಳೆ ನಿಧಾನ, ಆದ್ರೆ ಬೇಗ ದಣಿಯಲ್ಲ. ಬಿಳಿ ಎಳೆಗೆ ವೇಗ ಜಾಸ್ತಿ, ಬೇಗ ಸುಸ್ತು. ಇವಳಲ್ಲಿ ಬಿಳೀದೇ ಹೆಚ್ಚು." ಅಂದರೆ ನಾನು ಆರಂಭಶೂರಿ. ಕೆಲವು ಓಟ ಗೆದ್ದೆ, ಆಮೇಲೆ ಸೋಲುವುದೇ ಅಭ್ಯಾಸವಾಯಿತು. ಒಂದು ದಿನ ಲಾರಿ ಹತ್ತಿಸಿದರು. ಇಳಿದದ್ದು ವಿಜಯಪುರದಲ್ಲಿ, ಟಾಂಗಾ ಹೊಡೆಯುವ ಲಾಲಸಾಬ ನದಾಫನ ಅಂಗಳದಲ್ಲಿ.

ಮೊದಲ ದಿನವೇ ಗೋಳಗುಮ್ಮಟ ನೋಡಲು ಬಂದವರನ್ನು ಕೂರಿಸಿಕೊಂಡು ರೇಸಿನ ಗತ್ತಿನಲ್ಲಿ ಹೊರಟೆ. ಅರ್ಧ ದಾರಿಗೇ ಏದುಸಿರು ಬಂದು ನಿಂತೆ. ಉಳಿದ ಟಾಂಗಾದವರಿಗೆ ನಗುವೋ ನಗು.

"ಲಾಲಣ್ಣಾ, ಮಹಾರಾಣಿನ್ನ ತಂದೀಯಲ್ಲೋ. ಇನ್ನ ಅಕೀನ್ನ ಟಾಂಗಾದಾಗ ಕುಂಡ್ರಿಸಿ ನೀನ ಎಳಿ."

ಲಾಲಸಾಬನೂ ನಕ್ಕ. ಚಾವಟಿ ಮಾತ್ರ ಎತ್ತಲಿಲ್ಲ. ಮರುದಿನದಿಂದ ನಸುಕಿನಲ್ಲಿ ಖಾಲಿ ಟಾಂಗಾ ಕಟ್ಟಿ ನನ್ನ ಪಕ್ಕದಲ್ಲಿ ತಾನೂ ನಡೆಯತೊಡಗಿದ. ಮೊದಲು ನಮ್ಮ ಓಣಿ, ಆಮೇಲೆ ಆಚೆಯ ಓಣಿ, ಆಮೇಲೆ ಕೋಟೆಗೋಡೆಯ ಗುಂಟ. ಮಳೆ ಹೋಗಿ ಚಳಿ ಬರುವಷ್ಟರಲ್ಲಿ ನನ್ನ ಮೈಯೇ ಬೇರೆಯಾಗಿತ್ತು. ಹಿಂಭಾಗದ ಗುಂಡನೆಯ ಮಾಂಸ ಇಳಿದು ಬಿಗಿಯಾಯಿತು, ಉಸಿರು ಉದ್ದವಾಯಿತು. ಯಾವ ಕೆಲಸ ಕೊಡುತ್ತೀರೋ ಅದಕ್ಕೆ ತಕ್ಕಂತೆ ಸ್ನಾಯು ಬದಲಾಗುತ್ತದೆ. ನನ್ನ ಅವಸರದ ಎಳೆಗಳೂ ತಾಳ್ಮೆ ಕಲಿತವು. ನಿಧಾನವೇ ಪ್ರಧಾನ ಎಂದು ಅವನು ಬಾಯಿಬಿಟ್ಟು ಹೇಳದೆಯೇ ಕಲಿಸಿದ. ನನಗೆ ಅವನ ಮೇಲೆ ಜೀವವಿತ್ತು, ಮುಚ್ಚಿಡುವುದೇನಿದೆ.

ಅವನ ಹೆಂಡತಿ ಚಾಂದಬಿ. ಮಕ್ಕಳಿರಲಿಲ್ಲ. ನನ್ನ ದುಡಿಮೆಯಲ್ಲೇ ನಮ್ಮ ಮೂವರ ಹೊಟ್ಟೆ ತುಂಬಬೇಕಿತ್ತು.

ಒಂದು ಶುಕ್ರವಾರ ನಮಾಜಿಗೆ ಹೋದ ಲಾಲಸಾಬ ಅಲ್ಲೇ ಎದೆ ಹಿಡಿದುಕೊಂಡು ಕುಸಿದನಂತೆ. ಅಂಗಳದಲ್ಲಿ ಜನ ತುಂಬಿದರು, ಅಳು ಕೇಳಿಸಿತು. ಹಿತ್ತಿಲಲ್ಲಿ ಕಟ್ಟಿದ್ದ ನನಗೆ ಏನೂ ಕಾಣಲಿಲ್ಲ. ಮೂರನೆಯ ದಿನ ಸತ್ತವನಿಗಾಗಿ ಪ್ರಾರ್ಥಿಸುವ ಜಿಯಾರತ್ ಮುಗಿಯುವವರೆಗೆ ಟಾಂಗಾ ಹೂಡುವಂತಿರಲಿಲ್ಲ. ಮಾತಾಡಿಸಲು ಬಂದವರು, ಸತ್ತವನ ಪ್ರಾಣಿ ಹಸಿದಿರಬಾರದೆಂದು ನನಗೂ ಏನಾದರೂ ಹಾಕಿ ಹೋಗುತ್ತಿದ್ದರು. ಚಾಂದಬಿ ತಾನು ಒಂದು ತುತ್ತೂ ಮುಟ್ಟದೆ, ನೆನೆಸಿದ ಹುರುಳಿಯನ್ನು ಬುಟ್ಟಿ ತುಂಬ ತಂದು ಮುಂದೆ ಕೂರುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ಅವಳ ಮೈದುನ ಮೌಲಾಸಾಬ ಟಾಂಗಾ ಹೂಡಿದ. ಗಂಡ ತೀರಿದ ಹೆಣ್ಣು ಪಾಲಿಸುವ ಇದ್ದತ್ ಕುಳಿತ ಚಾಂದಬಿ ಇನ್ನು ತಿಂಗಳುಗಟ್ಟಲೆ ಹೊಸ್ತಿಲು ದಾಟುವಂತಿಲ್ಲ. ಮನೆ ನಡೆಯಬೇಕಾದರೆ ನಾನು ನಡೆಯಬೇಕು. ಹುರುಪಿನಿಂದಲೇ ಹೊರಟೆ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಸೊಂಟದ ಮಾಂಸ ಬಿಗಿದುಕೊಂಡಿತು, ಮೈಯೆಲ್ಲ ಬೆವರಿತು, ಹಿಂಗಾಲು ಮರದ ಕೊರಡಿನಂತೆ ನಿಂತುಬಿಟ್ಟವು.

ಮೌಲಾಸಾಬ ಓಡಿ ಹೋಗಿ ಬಾಗಿಲಲ್ಲಿ ನಿಂತ. "ಭಾಬಿ, ಕುದುರಿ ಹೆಜ್ಜಿ ಇಡವಲ್ದು. ಅಣ್ಣನ ಚಿಂತಿ ಹಚ್ಚಿಕೊಂಡೈತಿ."

ಚಾಂದಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಪಾಪ, ಅವರನ್ನ ಮಣ್ಣ ಮಾಡಿದ್ದು ಅದಕ್ಕೆಲ್ಲಿ ಕಂಡೈತಿ. ಖಬರಸ್ತಾನಕ್ಕ ಕರಕೊಂಡ್ ಹೋಗಿ ತೋರಿಸಪ್ಪ. ಕಂಡರ ಸಮಾಧಾನ ಆದೀತು."

ಪ್ರೀತಿಯಿಂದ ಹೇಳಿದ ಮಾತು. ಅದಕ್ಕಿಂತ ಕೆಟ್ಟ ಮದ್ದು ಬೇರೆ ಇರಲಿಲ್ಲ. ಹಗ್ಗ ಹಿಡಿದು ಮೌಲಾಸಾಬ ಮುಂದೆ, ಬೆನ್ನು ಸವರುತ್ತ ಓಣಿಯವರು ಹಿಂದೆ. ಹೆಜ್ಜೆ ಹೆಜ್ಜೆಗೂ ನನ್ನೊಳಗೆ ಎಳೆಗಳು ಹರಿಯುತ್ತಿದ್ದವು. ಹಸಿ ಮಣ್ಣಿನ ದಿಬ್ಬದ ಮುಂದೆ ನಿಲ್ಲಿಸಿ, "ನೋಡವ್ವ, ಇಲ್ಲೇ ಮಲಗ್ಯಾನ," ಎಂದ. ಲಾಲಸಾಬ ಇಲ್ಲವೆಂಬುದನ್ನು ನಾನು ನಂಬಿದ್ದು ಆಗ. ಅಲ್ಲಿಯವರೆಗೆ ಎಲ್ಲೋ ಊರಿಗೆ ಹೋಗಿದ್ದಾನೆ, ಬಂದಾನು ಎಂದೇ ಇದ್ದೆ. ಅಲ್ಲೇ ಬಿದ್ದೆ. ಎಂಥಾ ನಿಯತ್ತು ಎಂದು ಜನ ಕಣ್ಣೊರೆಸಿಕೊಂಡರು.

ಟೆಂಪೊದಲ್ಲಿ ಮನೆಗೆ ತಂದರು. ದನದ ದವಾಖಾನೆಯ ಡಾಕ್ಟರ್ ಸುನಂದಾ ಹಂಚಿನಾಳ ಬಂದು, ಕರಿ ಚಹಾದ ಬಣ್ಣಕ್ಕೆ ತಿರುಗಿದ್ದ ನನ್ನ ಮೂತ್ರ ನೋಡಿದವರೇ, ಏನು ತಿನ್ನಿಸಿದಿರಿ ಎಂದು ಕೇಳಿದರು. ಬಾಗಿಲ ಮರೆಯಿಂದ ಚಾಂದಬಿ ಹೇಳಿದಳು.

"ಚಿಂತಿ ಅಲ್ಲಮ್ಮಾ ಇದು," ಎಂದರು ಡಾಕ್ಟರು. "ದಿನಾ ದುಡಿಯೋ ಕುದುರಿ ನಿಂತಾಗ ಕಾಳು ಕಡಿಮಿ ಮಾಡಬೇಕು. ತಿಂದದ್ದೆಲ್ಲ ಸ್ನಾಯುದಾಗ ಕೂತಿರ್ತದ, ಒಮ್ಮಿಗೇ ದುಡಿಸಿದ್ರ ಎಳಿ ಸಾಯ್ತಾವ. ಕಾಲು ಹಿಡಕೊಂಡ ಮ್ಯಾಲಂತೂ ಒಂದು ಹೆಜ್ಜಿನೂ ನಡಿಸಬಾರದಿತ್ತು."



ಸೂಜಿ, ಸಲೈನಿನಿಂದ ಪ್ರಾಣ ಉಳಿಯಿತು. ಸತ್ತ ಮಾಂಸ ಮರಳಲಿಲ್ಲ. ಎರಡೂ ತೊಡೆಯ ಮೇಲೆ ಗುಂಡಿ ಬಿತ್ತು. ಟಾಂಗಾ ಮಾರಿಹೋಯಿತು. ಇದ್ದತ್ ಮುಗಿದ ಮೇಲೆ ಚಾಂದಬಿ ಮಂದಿ ಮನೆಗೆ ರೊಟ್ಟಿ ಬಡಿಯಲು ಹೋಗತೊಡಗಿದಳು. ಕುದುರೆಯನ್ನೂ ಮಾರು ಎಂದವರ ಎದುರಿಗೇ ಅವಳು ನನಗೆ ಹುಲ್ಲು ತಂದು ಹಾಕುತ್ತಾಳೆ.

ಈಗ ನಾನು ಹಿತ್ತಿಲ ಮೂಲೆಯಲ್ಲಿ ನಿಂತಿರುತ್ತೇನೆ. ಧಣಿಗಾಗಿ ನಿಂತ ಕುದುರೆ ಎಂದು ಓಣಿಯವರು ಇವತ್ತಿಗೂ ನೆಂಟರಿಗೆ ತೋರಿಸುತ್ತಾರೆ. ಸಂಜೆ ಕೆಲಸದಿಂದ ಬಂದ ಚಾಂದಬಿ ತೊಡೆಯ ಗುಂಡಿಗೆ ಎಣ್ಣೆ ತಿಕ್ಕುತ್ತ, "ನನ್ನ ಕೈಯಾರೆ ಕೆಡಿಸಿದ್ನೆವ್ವಾ ನಿನ್ನ," ಎನ್ನುತ್ತಾಳೆ. ದಿನವೂ ಅದೇ ಮಾತು.

ನನಗೆ ಮಾತು ಬಂದಿದ್ದರೆ ಹೇಳುತ್ತಿದ್ದೆ: ಆ ಮೂರು ದಿನ ನನಗೆ ಹಸಿವೇ ಇರಲಿಲ್ಲ, ಚಾಂದಬಿ. ನಾನು ತಿನ್ನುತ್ತಿರುವಷ್ಟು ಹೊತ್ತು ಮಾತ್ರ ನಿನ್ನ ಅಳು ನಿಲ್ಲುತ್ತಿತ್ತು. ಅದಕ್ಕೇ ತಿಂದೆ.